ಬೆಂಗಳೂರು ಫುಟ್‌ಬಾಲ್ ಕ್ಲಬ್
ಬೆಂಗಳೂರು ಎಫ್‌ಸಿ, ಜೆಎಸ್‌ಡಬ್ಲ್ಯೂ ಸಮೂಹ 2013ರ ಜುಲೈನಲ್ಲಿ ಕಟ್ಟಿದ ವೃತ್ತಿಪರ ಫುಟ್‌ಬಾಲ್ ತಂಡ. ತವರು ಅಂಗಳ ಶ್ರೀ ಕಂಠೀರವ ಕ್ರೀಡಾಂಗಣ. ಅಂಗಿಯ ಬಣ್ಣ ನೀಲಿ.

ಈ ಊರಿಗೆ ಫುಟ್‌ಬಾಲ್ ಹೊಸದೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ತಂಡ 1969ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆದರೆ ಆಟ ಬೇರೂರಿದ್ದು ದಂಡುಪ್ರದೇಶದ ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಮತ್ತು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಲ್ಲಿ. ಬಸವನಗುಡಿ, ಜಯನಗರದ ಕಡೆ ಕ್ರಿಕೆಟ್ಟೇ ದೊಡ್ಡದು. ಊರಿಗೆಲ್ಲ ಸೇರಿದ ಒಂದು ಫುಟ್‌ಬಾಲ್ ತಂಡ ಎಂಬುದು ಬಿಎಫ್‌ಸಿಯಿಂದಲೇ ನಿಜವಾಯಿತು. ಅದರ ಟ್ರೋಫಿಗಳಿಗಿಂತ ದೊಡ್ಡ ಸಾಧನೆ ಇದು.

ಮೊದಲ ತರಬೇತುದಾರ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು. ಅಲ್ಲಿನ ಪಶ್ಚಿಮದ ಗ್ಯಾಲರಿಯಲ್ಲಿ ಪಂದ್ಯದುದ್ದಕ್ಕೂ ನಿಂತೇ ಹಾಡುತ್ತಿದ್ದ ಅಭಿಮಾನಿಗಳು 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು. ತಂಡ ಕಂಠೀರವಕ್ಕೆ ಬಂದಾಗ ಅವರೂ ಬಂದರು. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಅಲ್ಲಿ ಆಟ ದೂರ ಕಾಣುತ್ತದೆ, ಕೂಗು ಮಾತ್ರ ತಲುಪುತ್ತದೆ. 2015ರ ಮೇ 31ರಂದು, ಲೀಗ್‌ನ ಕೊನೆಯ ಪಂದ್ಯದಲ್ಲಿ, ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡದ ಕೈಯಿಂದ ಪ್ರಶಸ್ತಿ ಜಾರಿದ್ದೂ ಇದೇ ಅಂಗಳದಲ್ಲಿ: 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪಂದ್ಯವನ್ನು ಸಮ ಮಾಡಿತು, ಎದುರಾಳಿ ಮೋಹನ್ ಬಾಗನ್‌ಗೆ ಅಷ್ಟೇ ಸಾಕಿತ್ತು. ಮರುವರ್ಷ ಬೆಂಗಳೂರು ಅದನ್ನು ಮರಳಿ ಗೆದ್ದಿತು.

ಕ್ಲಬ್ಬಿನ ಅತ್ಯುತ್ತಮ ರಾತ್ರಿ ಯಾವುದೆಂದರೆ 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ; ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಮೊದಲ ಗೋಲು ಅವರದೇ. ವಿರಾಮಕ್ಕೆ ಮುಂಚೆ ಛೆಟ್ರಿ ಹೆಡ್ ಮಾಡಿ ಸಮ ಮಾಡಿದರು, ಆಮೇಲೆ ದೂರದಿಂದ ಬಾರಿಸಿ ಮುನ್ನಡೆ ಕೊಟ್ಟರು. ಹುವಾನನ್ ಮೂರನೆಯದನ್ನು ಸೇರಿಸಿದರು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದು. ತರಬೇತುದಾರ ಆಲ್ಬರ್ಟ್ ರೋಕಾ ಅವರ ತಂಡ ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಸೇನಾ ಕ್ಲಬ್ಬಿಗೆ 0-1ರಿಂದ ಸೋತಿತು.

2017ರಲ್ಲಿ ಕ್ಲಬ್ ಇಂಡಿಯನ್ ಸೂಪರ್ ಲೀಗ್ ಸೇರಿತು. ಅದೇ ವರ್ಷ ಜೂನ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಓಡತೊಡಗಿತ್ತು. ಬನಶಂಕರಿ, ಜೆಪಿ ನಗರ, ಜಯನಗರದಲ್ಲಿ ಹತ್ತಿದವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕ್ರೀಡಾಂಗಣ ನಡೆಯುವಷ್ಟು ಹತ್ತಿರ. ದಕ್ಷಿಣ ಬೆಂಗಳೂರಿನವರಿಗೆ ಸಂಜೆಯ ಪಂದ್ಯ ಸಲೀಸಾಯಿತು. ಸೂಪರ್ ಲೀಗ್‌ನ ತನ್ನ ಮೊದಲ ಸೀಸನ್ನಿನಲ್ಲಿ ತಂಡ ಅಗ್ರಸ್ಥಾನ ಪಡೆದರೂ ತವರಿನ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2-3ರ ಸೋಲು. 2019ರ ಮಾರ್ಚ್ 17ರಂದು ಮುಂಬೈಯ ಫೈನಲ್‌ನಲ್ಲಿ ಆ ನೋವು ತೀರಿತು: ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಗೋವಾ ಸೋತಿತು.

2022ರಲ್ಲಿ ಡ್ಯುರಾಂಡ್ ಕಪ್ ಬಂತು. 2023 ಮತ್ತು 2025ರ ಸೂಪರ್ ಲೀಗ್ ಫೈನಲ್‌ಗಳಲ್ಲಿ ತಂಡ ಮೋಹನ್ ಬಾಗನ್‌ಗೇ ಸೋತಿತು. ಮೊದಲನೆಯದು ಪೆನಾಲ್ಟಿ ಶೂಟೌಟ್‌ನಲ್ಲಿ, ಎರಡನೆಯದು ಕೋಲ್ಕತ್ತದಲ್ಲಿ, ಹೆಚ್ಚುವರಿ ಸಮಯದಲ್ಲಿ.