ಹಾಬ್ಸನ್ನನ ಲಾಯದ ಬಾಗಿಲು

‘ನಿಮ್ಮ ಇಷ್ಟದಂತೆ ಆರಿಸಿಕೊಳ್ಳಿ’ ಎಂದು ಹೇಳಿ, ಒಂದನ್ನೇ ಮುಂದಿಟ್ಟರೆ ಅದನ್ನು ಇಂಗ್ಲಿಷಿನವರು ‘ಹಾಬ್ಸನ್ಸ್ ಚಾಯ್ಸ್’ ಎನ್ನುತ್ತಾರೆ. ಎಂದರೆ ಹಾಬ್ಸನ್ನನ ಆಯ್ಕೆ. ನಮ್ಮಲ್ಲಿ ಕೆಲವರು ಇದನ್ನು ಉಭಯಸಂಕಟವೆಂಬ ಅರ್ಥದಲ್ಲಿ ಬಳಸುವುದುಂಟು. ಅದು ಸರಿಯಲ್ಲ. ಅತ್ತ ದರಿ, ಇತ್ತ ಪುಲಿ ಎಂಬಲ್ಲಿ ಕೆಟ್ಟವಾದರೂ ಎರಡು ದಾರಿಗಳಿವೆ. ಇಲ್ಲಿರುವುದು ಒಂದೇ: ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಬರಿಗೈಯಲ್ಲಿ ಹಿಂದಿರುಗಬೇಕು.

ಈ ಹಾಬ್ಸನ್ ಕಟ್ಟುಕಥೆಯವನಲ್ಲ. ಥಾಮಸ್ ಹಾಬ್ಸನ್ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಬಾಳಿದವನು. 1568ರಲ್ಲಿ ತಂದೆ ತೀರಿಕೊಂಡಾಗ ಅವನ ಪಾಲಿಗೆ ಒಂದು ಬಂಡಿಯೂ ಎಂಟು ಕುದುರೆಗಳೂ ಬಂದವು. ಕೇಂಬ್ರಿಡ್ಜಿಗೂ ಲಂಡನ್ನಿಗೂ ನಡುವೆ ಸರಕನ್ನೂ ಕಾಗದಪತ್ರಗಳನ್ನೂ ಸಾಗಿಸುವುದು ಅವನ ಕಸುಬು. ಜೊತೆಗೆ ಸವಾರಿಗೆಂದು ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದನು.

1712ರಲ್ಲಿ ರಿಚರ್ಡ್ ಸ್ಟೀಲ್ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಹಾಬ್ಸನ್ನನ ಲಾಯದಲ್ಲಿ 40 ಕುದುರೆಗಳು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬಾಡಿಗೆಗೆ ಬರುವರು. ಬಂದವರೆಲ್ಲ ಕುದುರೆಯನ್ನು ಬಿಡುವಿಲ್ಲದೆ ಓಡಿಸುವವರೇ. ಅವರಿಗೆ ಆಯ್ಕೆಯನ್ನು ಬಿಟ್ಟಿದ್ದರೆ ಚುರುಕಾದ ನಾಲ್ಕೈದು ಕುದುರೆಗಳೇ ದಿನದಿನವೂ ದುಡಿದು ಸಾಯುತ್ತಿದ್ದವು. ಆದುದರಿಂದ ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯತಕ್ಕದ್ದು ಎಂದು ಹಾಬ್ಸನ್ ಕಟ್ಟುಮಾಡಿದನು. ಸವಾರಿ ಮುಗಿಸಿ ಬಂದ ಕುದುರೆಗೆ ಮತ್ತೆ ಸರದಿ ಬರುವವರೆಗೆ ವಿಶ್ರಾಂತಿ. ಮೆಲ್ಲಗೆ ಹೋದರೂ ಲಂಡನ್ನು ಸಕಾಲಕ್ಕೆ ಸಿಕ್ಕೇ ಸಿಕ್ಕುತ್ತದೆ ಎಂದು ಅವನು ಹುಡುಗರಿಗೆ ಬುದ್ಧಿ ಹೇಳುತ್ತಿದ್ದನಂತೆ.

ಈ ಕಟ್ಟಿನಲ್ಲಿ ಅವನ ಲಾಭವೂ ಇತ್ತು. ಕುದುರೆಯೇ ಅವನ ಬಂಡವಾಳವಲ್ಲವೇ? ಆದರೂ ಹಣವಂತನ ಮಗನಿಗೂ ಬಡ ವಿದ್ಯಾರ್ಥಿಗೂ ನಿಯಮ ಒಂದೇ. ಬಲವಾದ ಕುದುರೆಗೂ ಬಡಕಲು ಕುದುರೆಗೂ ದುಡಿಮೆ ಒಂದೇ.

1630ರಲ್ಲಿ ಪ್ಲೇಗು ಹಬ್ಬಿ, ಹಾಬ್ಸನ್ನನ ಲಂಡನ್ ಪ್ರಯಾಣವನ್ನು ಅಧಿಕಾರಿಗಳು ನಿಲ್ಲಿಸಿದರು. ಎಂಬತ್ತು ದಾಟಿದ ಮುದುಕನಿಗೆ ಈಗ ಆಯ್ಕೆಯೇ ಇರಲಿಲ್ಲ. ಸುಮ್ಮನೆ ಕುಳಿತಿದ್ದವನು 1631ರ ಜನವರಿ 1ರಂದು ತೀರಿಕೊಂಡನು. ಆಗ ಅಲ್ಲಿ ಓದುತ್ತಿದ್ದ ಮಿಲ್ಟನ್ ಕವಿ ಅವನ ಮೇಲೆ ಎರಡು ವಿನೋದದ ಚರಮಗೀತೆಗಳನ್ನು ಬರೆದನು. ಬಂಡಿ ಓಡುತ್ತಿರುವವರೆಗೆ ಸಾವಿನ ಕೈಗೆ ಸಿಕ್ಕದವನು, ನಿಂತೊಡನೆ ಸಿಕ್ಕಿಬಿದ್ದನೆಂಬುದು ಅವುಗಳಲ್ಲಿನ ಚೇಷ್ಟೆ. ಮುಂದೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ‘ಹಾಬ್ಸನ್ನನ ಆಯ್ಕೆ’ ಅಚ್ಚಿನಲ್ಲಿಯೂ ಕಾಣಿಸಿಕೊಂಡಿತು. ಕೇಂಬ್ರಿಡ್ಜಿಗೆ ನೀರು ತಂದ, 1610ರಿಂದ 1614ರ ನಡುವೆ ಆದ ಕಾಲುವೆಗೂ ಅವನದೇ ಹೆಸರು. ಅದರ ರಕ್ಷಣೆಗಾಗಿ ಅವನು ಆಸ್ತಿಯನ್ನು ಬಿಟ್ಟುಹೋಗಿದ್ದನು.

ನುಡಿಗಟ್ಟುಗಳ ನೆನಪು ವಿಚಿತ್ರವಾದುದು. ಇದು ಸವಾರನ ಅಸಮಾಧಾನವನ್ನು ಮಾತ್ರ ಉಳಿಸಿಕೊಂಡು ಕುದುರೆಯ ವಿಶ್ರಾಂತಿಯನ್ನು ಮರೆಯಿತು. ಮಾತನ್ನು ಕಟ್ಟಿದವರು ಸವಾರರು, ಕುದುರೆಗೆ ಬಾಯಿಯಿಲ್ಲ. ಆಯ್ಕೆ ಇಲ್ಲದ ಕಡೆಯಲ್ಲೆಲ್ಲ ಅನ್ಯಾಯವಿದೆಯೆಂದು ತಿಳಿಯಬೇಕಾಗಿಲ್ಲ. ಸರದಿಯ ಸಾಲೂ ಇಂಥದೇ ಕಟ್ಟು. ಆದರೆ ‘ಇದನ್ನೇ ತೆಗೆದುಕೊಳ್ಳಿ’ ಎನ್ನುವವರನ್ನು ನಾವು ಒಂದು ಪ್ರಶ್ನೆ ಕೇಳಬಹುದು: ಸ್ವಾಮಿ, ಈ ನಿಯಮದಿಂದ ಬದುಕುವ ಕುದುರೆ ಯಾವುದು? ಅದಕ್ಕೆ ಉತ್ತರವಿಲ್ಲದಿದ್ದರೆ, ಅಲ್ಲಿ ಹಾಬ್ಸನ್ನನ ಹೆಸರು ಮಾತ್ರ ಇದೆ. ಅವನ ಲಾಯದ ನ್ಯಾಯವಿಲ್ಲ.