ಮರದ ಗಂಟು ಮತ್ತು ತೊಲೆಯ ಬಲ

ಮರ ದಪ್ಪವಾಗುತ್ತ ಹೋದಂತೆ ಕಾಂಡದೊಳಗೆ ಹುದುಗಿಹೋದ ಕೊಂಬೆಯ ಬುಡವೇ ಗಂಟು. ಹಸಿ ಕೊಂಬೆಯ ಗಂಟು ಸುತ್ತಲಿನ ಮರದೊಡನೆ ಬೆಸೆದುಕೊಂಡಿರುತ್ತದೆ. ಸತ್ತ ಕೊಂಬೆಯದು ಬೆಸೆದುಕೊಳ್ಳದೆ, ಹಲಗೆ ಕೊಯ್ದಾಗ ಕಳಚಿ ಬೀಳುವುದೂ ಉಂಟು. ಗಂಟು ಸುತ್ತಲಿನ ಮರಕ್ಕಿಂತ ಗಟ್ಟಿ. ಆದರೆ ತೊಲೆಯನ್ನು ಸೋಲಿಸುವುದು ಗಂಟನ್ನು ಸುತ್ತಿ ಓರೆಯಾಗಿ ಹಾಯುವ ನಾರು. ನಾರಿನ ಉದ್ದಕ್ಕೆ ಎಳೆದರೆ ಚೆನ್ನಾಗಿ ತಾಳುವ ಮರ, ಅಡ್ಡಕ್ಕೆ ಎಳೆದರೆ ಬಹು ಬೇಗ ಸೀಳುತ್ತದೆ. ಆದ್ದರಿಂದ ಗಂಟಿನ ಬಾಧೆ ಎಳೆತದಲ್ಲಿ ಹೆಚ್ಚು, ಒತ್ತಡದಲ್ಲಿ ಕಡಿಮೆ. ಎರಡು ಗೋಡೆಗಳ ಮೇಲೆ ಕೂತ ತೊಲೆ ಭಾರಕ್ಕೆ ಬಾಗಿದಾಗ ಎಳೆತ ಬೀಳುವುದು ಕೆಳ ಅಂಚಿಗೆ. ಅಲ್ಲಿ, ಅದರಲ್ಲೂ ನಡು ಉದ್ದದಲ್ಲಿ, ಇರುವ ಗಂಟು ಅಪಾಯಕಾರಿ. ಅದೇ ಗಂಟು ತೊಲೆಯ ಎತ್ತರದ ಮಧ್ಯದಲ್ಲಿದ್ದರೆ ಹಾನಿ ಅಲ್ಪ.

ಬಡಗಿಗಳು ಗಂಟಿಲ್ಲದ ಮರವನ್ನು ಆರಿಸುತ್ತಲೇ ಬಂದಿದ್ದರೂ ಗಂಟಿನ ಬಾಧೆಯನ್ನು ಅಂಕಿಗಳಲ್ಲಿ ಅಳೆದದ್ದು ತಡವಾಗಿ. 1729ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದ ಡಚ್ ವಿಜ್ಞಾನಿ ಮಸ್ಕೆನ್‌ಬ್ರೂಕ್ ಮುರಿದು ನೋಡಿದ್ದು ಸಣ್ಣ ಕಡ್ಡಿಗಳನ್ನು. 1740ರ ಸುಮಾರಿಗೆ ಫ್ರಾನ್ಸಿನ ಬುಫಾನ್ ನಿಜ ಗಾತ್ರದ ಓಕ್ ತೊಲೆಗಳನ್ನೇ ಮುರಿಸಿ ನೋಡಿದ. 1880ರ ದಶಕದಲ್ಲಿ ಬಾಸ್ಟನ್ನಿನ ಗೇಟಾನೊ ಲಾಂಜಾ ಇಡೀ ತೊಲೆಗಳು ಸಣ್ಣ ಮಾದರಿಗಳು ಸೂಚಿಸಿದ್ದಕ್ಕಿಂತ ಕಡಿಮೆ ಭಾರಕ್ಕೇ ಮುರಿಯುವುದನ್ನು ತೋರಿಸಿದ.

ಆದರೂ 20ನೆಯ ಶತಮಾನದ ಬಹುಭಾಗ ನಡೆದದ್ದು ಸಣ್ಣ ಮಾದರಿಯ ದಾರಿಯಲ್ಲೇ. 1910ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ತೆರೆದ ಅರಣ್ಯೋತ್ಪನ್ನ ಪ್ರಯೋಗಾಲಯ ದೋಷವಿಲ್ಲದ ಚಿಕ್ಕ ತುಂಡುಗಳ ಬಲವನ್ನು ಅಳೆದು, ಗಂಟಿನ ಗಾತ್ರ ಮತ್ತು ಜಾಗಕ್ಕೆ ತಕ್ಕಂತೆ ಅದನ್ನು ತಗ್ಗಿಸುವ ಅನುಪಾತಗಳನ್ನು ಕೊಟ್ಟಿತು. 1920ರ ದಶಕದ ಅಮೆರಿಕದ ಎಎಸ್‌ಟಿಎಂ ಡಿ245 ಮಾನಕ ಈ ಪದ್ಧತಿಯದು. ಭಾರತದ ಐಎಸ್ 883 ಕೂಡ ಗಂಟು ಮೊದಲಾದ ದೋಷಗಳ ಮಿತಿಯನ್ನು ನೋಡಿ ಕಟ್ಟಡದ ಮರವನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ.

ಈ ಪದ್ಧತಿಯ ಬುಡವನ್ನೇ ಅಲುಗಿಸಿದವನು ಕೆನಡದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಬೋರ್ಗ್ ಮ್ಯಾಡ್ಸೆನ್. 1970ರ ದಶಕದಲ್ಲಿ ಆತ ಮಾರುಕಟ್ಟೆಯಲ್ಲಿ ಸಿಗುವ ಗಂಟುಮರವನ್ನೇ ಹೇರಳವಾಗಿ ಪರೀಕ್ಷಿಸಿದ. ಒಣಗಿದಷ್ಟೂ ಬಲ ಹೆಚ್ಚುತ್ತದೆ ಎಂಬ ನಿಯಮ ದೋಷವಿಲ್ಲದ ತುಂಡಿಗೆ ಸರಿ. ಗಂಟುಗಳಿಂದ ದುರ್ಬಲವಾದ ಹಲಗೆ ಒಣಗಿದರೂ ಹೆಚ್ಚೇನೂ ಬಲಗೊಳ್ಳದು ಎಂದು ಆತ ಕಂಡುಕೊಂಡ. ಈ ವಿಷಯದ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ವದ ತಿರುವಿಲ್ಲ: ಗಂಟುಮರವನ್ನು ಒಳ್ಳೆಯ ಮರದ ಕುಂದಿದ ರೂಪವೆಂದು ಲೆಕ್ಕಹಾಕುವುದು ತಪ್ಪು, ಅದರ ನಡವಳಿಕೆಯೇ ಬೇರೆ. ಅದೇ ದಶಕದಲ್ಲಿ, 1973ರ ಬ್ರಿಟಿಷ್ ಮಾನಕ ಬಿಎಸ್ 4978, ತೊಲೆಯ ಅಡ್ಡಕೊಯ್ತದಲ್ಲಿ ಗಂಟುಗಳು ಆಕ್ರಮಿಸಿದ ಪಾಲನ್ನು ಅಳತೆಗೋಲಾಗಿ ತಂದಿತು.

1960ರ ದಶಕದಿಂದ ಹಲಗೆಯನ್ನು ತುಸು ಬಾಗಿಸಿ ಅದರ ಬಿಗುವಿನಿಂದ ಬಲವನ್ನು ಅಂದಾಜಿಸುವ ಯಂತ್ರಗಳು ಬಂದವು. ಗಂಟು ಬಿಗುವನ್ನು ಕುಗ್ಗಿಸುವುದಕ್ಕಿಂತ ಹೆಚ್ಚಾಗಿ ಬಲವನ್ನು ಕುಗ್ಗಿಸುವುದರಿಂದ ಆ ಅಂದಾಜು ಸಾಲದಾಗಿ, ಸುತ್ತಲಿನ ಮರಕ್ಕಿಂತ ಸಾಂದ್ರವಾದ ಗಂಟನ್ನು ಎಕ್ಸ್‌-ರೇಯಿಂದ ಗುರುತಿಸುವ ಯಂತ್ರಗಳೂ ಬಳಕೆಗೆ ಬಂದಿವೆ.