ಅಟ್ಟದ ಮೇಲಿನ ನೀಲಿ ತಟ್ಟೆ

ಹೋದ ತಿಂಗಳು ಅಟ್ಟದಿಂದ ಕೊಬ್ಬರಿ ಇಳಿಸೋವಾಗ ಗೋಣಿಚೀಲದ ಮರೇಲಿ ನಮ್ಮಜ್ಜಿ ಕಾಲದ ನೀಲಿ ಪಿಂಗಾಣಿ ತಟ್ಟೆ ಸಿಕ್ತು. ಅಂಚಲ್ಲಿ ಒಂದ್ಕಡೆ ಚಕ್ಕೆ ಎದ್ದೈತೆ, ಬಣ್ಣ ಮಾತ್ರ ನಿನ್ನೆ ಬಳಿದಂಗೈತೆ. "ಚೀನಾದ್ದು ಮಾವ, ತೊಳೆದು ಗೋಡೆಗೆ ಹಾಕೋಣ" ಅಂದ್ಲು ಸೊಸೆ.

ಚಿತ್ರ ನೋಡಿದ್ರೆ ಚೀನಾದ್ದೇ. ಜೋಲು ಮರ, ಸೇತುವೆ ಮೇಲೆ ಮೂರು ಜನ, ದೋಣಿ, ಆಕಾಶದಲ್ಲಿ ಎರಡು ಹಕ್ಕಿ. ಆದ್ರೆ ಮಗುಚಿ ನೋಡಿದ್ರೆ ಬೆನ್ನ ಮೇಲೆ ಇಂಗ್ಲೆಂಡ್ ಅಂತ ಮುದ್ರೆ ಐತೆ! ಹೊರಗಿಂದ ಬರೋ ಸಾಮಾನಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಬೇಕು ಅಂತ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು. ಇಂಗ್ಲೆಂಡಿನ ಪಿಂಗಾಣಿಯೋರು ಈ ಮುದ್ರೆ ಒತ್ತೋದು ವಾಡಿಕೆ ಆಗಿದ್ದು ಅಲ್ಲಿಂದಾಚೆಗೆ.

ನೀಲಿ-ಬಿಳಿ ಪಿಂಗಾಣಿ ಮೊದಲು ಚೀನಾದೋರ ಕಸುಬು. ವಿಜಯನಗರದ ಕಾಲಕ್ಕೇ ನಮ್ಮ ನಾಡಿಗೂ ಬಂದಿತ್ತು. ಹಂಪಿ ಅಗೆದಾಗ ಅದರ ಚೂರುಗಳು ಸಿಕ್ಕಿವೆ. ಯುರೋಪಿನೋರು ಹಡಗುಗಟ್ಲೆ ತರಿಸ್ಕೊಂಡು, ಆಮೇಲೆ ತಾವೇ ಮಾಡೋಕೆ ಹೊಂಟ್ರು. ಒಂದೊಂದು ತಟ್ಟೆಗೂ ಕೈಯಲ್ಲಿ ಚಿತ್ರ ಬರೀತಾ ಕೂತ್ರೆ ಕೈಗೆಟುಕೋ ಬೆಲೆಗೆ ಮಾರೋಕಾಯ್ತದಾ? ಅದಕ್ಕೆ ತಾಮ್ರದ ತಗಡಲ್ಲಿ ಚಿತ್ರ ಕೊರೆದು, ಕೋಬಾಲ್ಟಿನ ನೀಲಿ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದಾನ ಒಂದ್ಸಲ ಸುಟ್ಟ ತಟ್ಟೆಗೆ ಅಂಟಿಸಿ ಉಜ್ಜೋರು. ಕಾಗದ ತೊಳೆದು, ಗಾಜಿನ ಮೆರುಗು ಹಚ್ಚಿ ಮತ್ತೆ ಸುಡೋರು. 1780ರ ದಶಕದಲ್ಲಿ ಸ್ಟ್ಯಾಫರ್ಡ್‌ಶೈರಿನ ಜೋಸಯ್ಯ ಸ್ಪೋಡ್ ಇದನ್ನ ಹದಕ್ಕೆ ತಂದ. ನಮ್ಮ ತಟ್ಟೆ ಅಂಚಲ್ಲೂ ಕಾಗದದ ತುದಿ ಕೂಡಿದ ಕಡೆ ಬಳ್ಳಿ ಸೇರದೆ ಉಳಿದೈತೆ. ಪ್ರೇಮಿಗಳು ಹಕ್ಕಿಯಾಗಿ ಹಾರಿದ್ರು ಅನ್ನೋ ಕತೆಯೂ ಚೀನಾದ್ದಲ್ಲ, ಚಿತ್ರ ಬಂದಮೇಲೆ ಇಂಗ್ಲೆಂಡಲ್ಲೇ ಹೆಣೆದದ್ದು.

ತಿಪಟೂರಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಕೊಬ್ಬರಿ ಮಾರೋಕೆ ಬೆಂಗಳೂರಿಗೆ ಹೋದ ನಮ್ಮ ಮುತ್ತಾತ ಈ ತಟ್ಟೆ ದಂಡಿನ ಪ್ಯಾಟೆಯಿಂದ ತಂದ್ರಂತೆ. ಅಜ್ಜಿ ಮಾತ್ರ ಅಡಿಗೆಮನೆ ಹೊಸ್ತಿಲು ದಾಟಿಸ್ಲಿಲ್ಲ. "ಹಿತ್ತಾಳೆ ಆದ್ರೆ ಹುಣಸೆಹಣ್ಣು ಹಾಕಿ ಬೆಳಗಬೋದು, ಇದರ ಮೈಲಿಗೆ ಹೋಗಲ್ಲ" ಅನ್ನೋರು. ಜಗಲಿ ಗೂಡಲ್ಲಿತ್ತು, ಅಮಲ್ದಾರ್ರು ಬಂದ್ರೆ ತಿಂಡಿಗೆ ಇಳೀತಿತ್ತು.

ಅದೇ ಗೂಡಲ್ಲಿ ಇನ್ನೊಂದು ಇತ್ತು. ತೆಂಗಿನ ಚಿಪ್ಪು. ಕಾಯಿ ಸುಲಿಯೋಕೆ ಬರ್ತಿದ್ದ ಹಟ್ಟಿ ಅಣ್ಣನಿಗೆ ಕಾಫಿ ಹುಯ್ಯೋಕೆ. ನನಗೆ ಆರೇಳು ವರ್ಷ ಇರಬೇಕು, ಗೂಡಿನ ನೀಲಿ ತಟ್ಟೇಲಿ ಉಪ್ಪಿಟ್ಟು ಹಾಕ್ಕೊಂಡು ಹೋಗಿ ಆ ಅಣ್ಣನ ಮುಂದಿಟ್ಟೆ. ಅವರು ಮುಟ್ಟಲೇ ಇಲ್ಲ. "ಒಳಗಿಡಪ್ಪ, ಅಜ್ಜಿ ಬೈತಾರೆ" ಅಂದ್ರು. ಅಜ್ಜಿ ನನಗೆ ಬೈದ್ರು. ಅವರಿಗೆ ಮುತ್ತುಗದೆಲೇಲಿ ಹಾಕಿ ಕೊಟ್ರು. ಅವರು ನನ್ನ ಕಡೆ ನೋಡದೆ ತಿಂದ್ರು.

ಇದನ್ನ ಹೇಳಿದಾಗ ಸೊಸೆ ಮಳೆ ಮತ್ತೆ ಡಬ್ಬಿಗೆ ಹಾಕಿದ್ಲು. ತಟ್ಟೆ ಮಾರಿಲ್ಲ, ನೇತಾಕಿಲ್ಲ. ಊಟಕ್ಕೂ ಬ್ಯಾಡ, ಹಳೇ ಮೆರುಗಲ್ಲಿ ಸೀಸ ಇರ್ತದೆ, ಹುಳಿ ಬಿದ್ರೆ ಬಿಡ್ತದೆ. ನಿಮ್ಮನೇಲಿದ್ರೂ ನೆನಪಿಟ್ಕೊಳಿ.

ಈ ಸಲ ಕಾಯಿ ಸುಲಿಯೋಕೆ ಆ ಅಣ್ಣನ ಮೊಮ್ಮಗ ಬಂದಿದ್ದ. ನಡುಮನೇಲಿ ಜೊತೇಲಿ ಕೂತು ಸ್ಟೀಲ್ ತಟ್ಟೇಲಿ ಮುದ್ದೆ ಉಂಡ್ವಿ. ದೊಡ್ಡ ಕೆಲಸ ಏನಲ್ಲ ಬಿಡಿ, ತಡವಾದ ಕೆಲಸ.